ದೊಡ್ಡವರ ಬಚ್ಚಲಲ್ಲಿ ಉಬ್ಬಿದ ಸಂಶೋಧನೆ

"ಇವತ್ತಿನಿಂದ ಈ ಮನೆಯಲ್ಲಿ ಗಿಡಕ್ಕೆ ದಿನಾ ನೀರು ಹಾಕುವ ಪದ್ಧತಿ ರದ್ದು!"

ಭಾನುವಾರ ಬೆಳಗ್ಗೆ ಚಹಾದ ಲೋಟವನ್ನು ಮೇಜಿನ ಮೇಲೆ ಠಕ್ಕನೆ ಕುಕ್ಕಿ ನಾನು ಹೀಗೆ ಘೋಷಿಸಿದೆ. ಹೆಂಡತಿ ಪತ್ರಿಕೆಯಿಂದ ತಲೆ ಎತ್ತಲಿಲ್ಲ.

"ನೀವು ಯಾವತ್ತು ಹಾಕಿದ್ದೀರಿ, ಇವತ್ತು ರದ್ದು ಮಾಡೋಕೆ?"

ಇಂಥ ಮಾತಿಗೆಲ್ಲ ಕುಗ್ಗುವ ಆಸಾಮಿ ನಾನಲ್ಲ. ನಾನು ಕೆಮಿಕಲ್ ಎಂಜಿನಿಯರ್. ಬರೀ ಎಂಜಿನಿಯರ್ ಅಲ್ಲ ಸ್ವಾಮಿ, ಸಂಶೋಧಕ! ಹನ್ನೊಂದು ವರ್ಷಗಳಿಂದ ಒಂದೇ ಒಂದು ಪುಡಿಯ ಬೆನ್ನು ಹತ್ತಿದವನು. ಪಿಷ್ಟದ ಉದ್ದುದ್ದ ಅಣುಗಳಿಗೆ ಅಲ್ಲಲ್ಲಿ ಕೊಂಡಿ ಹಾಕಿ ಹೆಣೆದ ಬಲೆ ಅದು. ನೋಡಿದರೆ ಸಕ್ಕರೆ, ಮುಟ್ಟಿದರೆ ಮರಳು, ನೀರು ಕಂಡರೆ ಮಾತ್ರ ರಾಕ್ಷಸ! ಒಂದು ಗ್ರಾಂ ಪುಡಿ ತನ್ನ ಮುನ್ನೂರೈವತ್ತು ಪಟ್ಟು ನೀರನ್ನು ಗಟಗಟ ಕುಡಿದು, ಉಬ್ಬಿ, ಫಳಫಳ ಹೊಳೆಯುವ ಮೆತ್ತನೆಯ ಜೆಲ್ ಆಗಿ ಕೂರುತ್ತದೆ. ಒಣ ಮಣ್ಣಿಗೆ ಬೆರೆಸಿದರೆ ನೀರನ್ನು ಹಿಡಿದಿಟ್ಟುಕೊಂಡು ಬೇರಿಗೆ ಬಾಯಾರಿದಾಗ ಗುಟುಕು ಗುಟುಕಾಗಿ ಕೊಡುತ್ತದೆ. ಹನ್ನೊಂದು ವರ್ಷ ನಾನು ಆ ಪುಡಿಗೆ ನೀರು ಕುಡಿಸಿದ್ದೆ. ಆ ಭಾನುವಾರ ಅದು ನನಗೆ ನೀರು ಕುಡಿಸಿತು!

ಭಾನುವಾರವೇ ಯಾಕೆ ಎಂದರೆ ಮರುದಿನ ಸೋಮವಾರ ನನ್ನ ಯೋಜನೆಯ ಹಣೆಬರಹ ತೀರ್ಮಾನವಾಗುವುದಿತ್ತು. ಯೋಜನೆ ಮುಂದುವರಿಯಬೇಕೋ, ಮುಚ್ಚಬೇಕೋ ಎಂದು ನೋಡಲು ಹೊರಗಿನಿಂದ ಒಬ್ಬ ಹಿರಿಯ ವಿಜ್ಞಾನಿ ಬರುವವರಿದ್ದರು. ಎಪ್ಪತ್ತರ ಆಸುಪಾಸಿನ ಹೆಂಗಸು. ಉತ್ತರ ಕೊಟ್ಟ ಮೇಲೂ ಪ್ರಶ್ನೆ ನಿಲ್ಲಿಸದ ಕಾರಣ ಎಲ್ಲರೂ ಅವರನ್ನು ಬೆನ್ನ ಹಿಂದೆ 'ಪ್ರಶ್ನಮ್ಮ' ಎನ್ನುತ್ತಿದ್ದರು. "ಈ ಪುಡಿಯನ್ನ ನಿಜವಾದ ಗಿಡಕ್ಕೆ ಹಾಕಿದ್ದೀರಾ?" ಎಂದು ಪ್ರಶ್ನಮ್ಮ ಕೇಳಿದರೆ "ನಮ್ಮ ಮನೆಯ ಗಿಡಗಳಿಗೇ ಹಾಕಿದ್ದೇನೆ ಮೇಡಂ!" ಎಂದು ಎದೆಯುಬ್ಬಿಸಿ ಹೇಳಬೇಕೆಂಬುದು ನನ್ನ ಹಂಚಿಕೆ.

ಹೆಂಡತಿ ಪತ್ರಿಕೆ ಮಡಚಿಟ್ಟಳು. ಅವಳು ನ್ಯಾಯಾಲಯದಲ್ಲಿ ಸ್ಟೆನೋಗ್ರಾಫರ್. ಜನ ಬಾಯಿಗೆ ಬಂದದ್ದನ್ನು ಹೇಳಿ ಮರೆತುಬಿಡುತ್ತಾರೆ. ಅದನ್ನು ಬರೆದಿಟ್ಟು ನೆನಪಿಸುವುದು ಅವಳ ಉದ್ಯೋಗ. ಈ ವೃತ್ತಿಧರ್ಮವನ್ನು ಅವಳು ಮನೆಯಲ್ಲೂ ತಪ್ಪದೆ ಪಾಲಿಸುತ್ತಾಳೆ.

"ಇದನ್ನ ಮೊದಲು ಎಲ್ಲಾದರೂ ಹಾಕಿ ನೋಡಿದ್ದೀರಾ?"

"ಸಾವಿರ ಸಲ!"

"ಎಲ್ಲಿ?"

"ಬೀಕರ್‌ನಲ್ಲಿ."

"ಬೀಕರ್‌ನಲ್ಲಿ ಗಿಡ ಇತ್ತಾ?"

"ನೀನು ವಕೀಲರ ಜೊತೆ ಇದ್ದೂ ಇದ್ದೂ ಹಾಳಾಗಿದ್ದೀಯ ಕಣೇ!"

"ನೋಡಿ, ಬಾಲ್ಕನಿಯಲ್ಲಿ ಇಪ್ಪತ್ತಮೂರು ಕುಂಡ ಇದೆ. ಆ ಗುಲಾಬಿ ನಾಲ್ಕು ವರ್ಷ ಮುನಿಸಿಕೊಂಡಿದ್ದು ಈ ವಾರ ಮೊದಲ ಮೊಗ್ಗು ಬಿಟ್ಟಿದೆ. ಒಂದು ಎಲೆ ಉದುರಿದರೂ ನಾನು ಸುಮ್ಮನಿರಲ್ಲ."

"ಎಲೆ ಉದುರುವುದೇ? ಕಾಡಾಗುತ್ತೆ, ಕಾಡು!"

ಅವಳು ತನ್ನ ಅಕ್ಕನ ಮನೆಗೆ ಹೊರಟಳು. ನಾನು ಅಂಗಿಯ ತೋಳು ಮಡಚಿ ಬಾಲ್ಕನಿಗೆ ನುಗ್ಗಿದೆ. ಪ್ರಯೋಗಾಲಯದಿಂದ ತಂದ ಒಂದೂವರೆ ಕಿಲೋ ಪುಡಿಯ ಡಬ್ಬ ನನ್ನ ಕಂಕುಳಲ್ಲಿತ್ತು. ನನ್ನದೇ ಕೈಪಿಡಿಯಲ್ಲಿ ನಾನೇ ಬರೆದ ಪ್ರಕಾರ ಒಂದು ಕುಂಡಕ್ಕೆ ಒಂದು ಚಿಕ್ಕ ಚಮಚ. ಆದರೆ ಚಮಚ ಅಡುಗೆಮನೆಯಲ್ಲಿತ್ತು, ಕೈ ನನ್ನ ಹತ್ತಿರವೇ ಇತ್ತು. ಅಲ್ಲದೆ ಒಂದು ಚಮಚಕ್ಕೆ ಒಂದು ವಾರ ನೀರು ಬೇಡವೆಂದರೆ ಒಂದು ಹಿಡಿಗೆ ಎರಡು ತಿಂಗಳು ಬೇಡ ಎಂದಲ್ಲವೇ? ಲೆಕ್ಕ ಸರಿಯಾಗಿಯೇ ಇತ್ತು! ಕುಂಡಕ್ಕೊಂದು ಹಿಡಿ ಪುಡಿ ಮಣ್ಣಿಗೆ ಬೆರೆಸುತ್ತಾ ಹೋದೆ. ಆಮೇಲೆ ರಬ್ಬರ್ ಪೈಪು ಹಿಡಿದೆ. ಹಾಕಿದ ನೀರು ಕಣ್ಣೆದುರಿಗೇ ಮಾಯ! ಇನ್ನಷ್ಟು ಹಾಕಿದೆ. ಅದೂ ಮಾಯ! ಆಹಾ, ಏನು ದಾಹ, ಏನು ದಾಹ! ಹೆತ್ತ ಮಗು ಮೊದಲ ಸಲ ತಟ್ಟೆ ಖಾಲಿ ಮಾಡಿದ್ದನ್ನು ಕಂಡ ಅಪ್ಪನಂತೆ ಕಣ್ಣು ತುಂಬಿ ಬಂತು. ಕೇಳಿದಷ್ಟೂ ಕುಡಿಸಿದೆ.

ಒಳಗೆ ಬಂದು, ಕನ್ನಡಿಯ ಮುಂದೆ ನಿಂತು, ಸೋಮವಾರದ ಭಾಷಣ ಅಭ್ಯಾಸ ಮಾಡತೊಡಗಿದೆ. "ಮಾನ್ಯರೇ, ಬರಡು ನೆಲದ ಬಾಯಾರಿಕೆ..." ಎನ್ನುವಷ್ಟರಲ್ಲಿ ಬಾಲ್ಕನಿಯಲ್ಲಿ 'ಫಟ್!' ಎಂದಿತು. ಯಾರೋ ಬಲೂನು ಒಡೆದರು ಎಂದುಕೊಂಡೆ. ಮತ್ತೊಂದು 'ಫಟ್!' ಕೇಳಿಸಿತು. ಆಮೇಲೆ ಏನೋ ಜಾರಿ ಬಿದ್ದ 'ಧೊಪ್!'

ಹೋಗಿ ನೋಡಿದೆ. ನಿಂತಲ್ಲೇ ಗರಬಡಿದವನಂತಾದೆ!

ಗಿಡಗಳು ಎದ್ದು ನಿಂತಿದ್ದವು! ಸುಳ್ಳಲ್ಲ, ನಿಜವಾಗಿ ಎದ್ದು ನಿಂತಿದ್ದವು. ಪ್ರತಿ ಕುಂಡದಿಂದಲೂ ಮಣ್ಣು ಮೊಣಕಾಲೆತ್ತರ ಉಬ್ಬಿ ಮೇಲೆ ಬಂದು, ಅದರ ತುದಿಯಲ್ಲಿ ಗಿಡ, ಕುರ್ಚಿಯ ಮೇಲೆ ನಿಂತ ಮಗುವಿನಂತೆ ಅಲ್ಲಾಡುತ್ತಿತ್ತು. ಎರಡು ಪ್ಲಾಸ್ಟಿಕ್ ಕುಂಡ ನಡುವೆಯೇ ಸೀಳಿದ್ದವು. ಲೋಳೆಸರ ಮಗುಚಿ ಬಿದ್ದಿತ್ತು. ಜರೀಗಿಡ ಬೇರುಸಮೇತ ಹೊರಗೆ ಬಂದು ಕಂಬಿಗೆ ಒರಗಿ ಸುಧಾರಿಸಿಕೊಳ್ಳುತ್ತಿತ್ತು. ಕುಂಡದ ಅಂಚಿನಿಂದ ಜೆಲ್ ಬಳಬಳ ಇಳಿದು ನೆಲ ತುಂಬಾ ಹರಡಿ, ಬಾಗಿಲ ಹೊಸ್ತಿಲನ್ನು ಮುಟ್ಟುತ್ತಿತ್ತು.

ಅದೇ ಹೊತ್ತಿಗೆ ಹೆಂಡತಿ ಬೀಗ ತೆಗೆದು ಒಳಗೆ ಬಂದಳು. ಅಕ್ಕ ಮನೆಯಲ್ಲಿರಲಿಲ್ಲವಂತೆ! ಅಕ್ಕನಾದರೂ ಮನೆಯಲ್ಲಿ ಇರಬಾರದಿತ್ತೇ!

ಅವಳು ಬಾಲ್ಕನಿ ನೋಡಿದಳು. ಕೈಯಲ್ಲಿದ್ದ ಚೀಲ ಕೆಳಗೆ ಬಿತ್ತು.

"ರೀ... ಇದೇನ್ರೀ ಇದು?"

"ಗಾಬರಿ ಆಗ್ಬೇಡ. ಇದಕ್ಕೆ ನಮ್ಮಲ್ಲಿ ಜೆಲ್ ಅಂತಾರೆ."

"ಇದಕ್ಕೆ ನಮ್ಮಲ್ಲಿ ಜೈಲ್ ಅಂತಾರೆ!"

ಅವಳು ಓಡಿಹೋಗಿ ಗುಲಾಬಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಗುಲಾಬಿಯ ಬುಡದಿಂದ ಜೆಲ್ ಅವಳ ಮೊಣಕೈವರೆಗೂ ಇಳಿಯಿತು. ಅವಳು ನನ್ನ ಮೇಲೆ ಕೂಗಾಡಲಿಲ್ಲ. ಗಿಡದ ಬೇರಿನಿಂದ ಜೆಲ್ಲನ್ನು ಬೆರಳಲ್ಲಿ ಸವರಿ ಸವರಿ ತೆಗೆಯುತ್ತಾ ಕೂತಳು. ಕೂಗಾಡಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

"ನಾನು ಎಲ್ಲಾ ಸರಿ ಮಾಡ್ತೀನಿ" ಎಂದೆ.

"ಬೇಡ. ನೀವು ಸರಿ ಮಾಡೋದೊಂದು ಬೇಡ."

ಕೇಳಬೇಕಿತ್ತು. ಕೇಳಲಿಲ್ಲ. ಕಸದ ಮೊರ ತಂದು ಜೆಲ್ಲನ್ನು ಬಕೆಟ್ಟಿಗೆ ತುಂಬಿದೆ. ಒಂದು ಬಕೆಟ್, ಎರಡು ಬಕೆಟ್, ಏಳು ಬಕೆಟ್! ಒಯ್ದು ಬಚ್ಚಲುಮನೆಯ ನೆಲಕ್ಕೆ ಸುರಿದು, ನೀರು ಹೋಗುವ ತೂತಿನ ಜಾಲರಿಯನ್ನು ಕಿತ್ತು, ಕಾಲಲ್ಲಿ ಒಳಕ್ಕೆ ನೂಕಿದೆ. ಎಂಟನೆಯ ಸುತ್ತಿನಲ್ಲಿ ಜೆಲ್ ಮೇಲೆ ಕಾಲಿಟ್ಟವನು ಸೊಯ್ಯನೆ ಜಾರಿದೆ. ಬೀಳುವಾಗ ಮನುಷ್ಯ ಸಿಕ್ಕಿದ್ದನ್ನು ಹಿಡಿಯುತ್ತಾನೆ. ನನಗೆ ಸಿಕ್ಕಿದ್ದು, ಬಾಗಿಲ ಪಕ್ಕದ ಕಟ್ಟೆಯ ಮೇಲೆ ನಾನೇ ಇಟ್ಟಿದ್ದ ಪುಡಿಯ ಡಬ್ಬ! ಅದರಲ್ಲಿ ಇನ್ನೂ ಅರ್ಧ ಕಿಲೋ ಒಣ ಪುಡಿ ಇತ್ತು. ಡಬ್ಬ ನನ್ನ ಜೊತೆಯೇ ಬಚ್ಚಲಿಗೆ ಬಂತು. ಮುಚ್ಚಳ ಬರಲಿಲ್ಲ.

ಬಿಳಿಯ ಪುಡಿ ಅಷ್ಟೂ ತೂತಿನೊಳಗೆ ಸರಸರ ಇಳಿಯಿತು. ಆಗ ಈ ಸಂಶೋಧಕ ಮಹಾಶಯ ಏನು ಮಾಡಿದ ಗೊತ್ತೇ? ನೆಲದಲ್ಲಿ ಉಳಿದ ಜೆಲ್ಲನ್ನೂ ತೊಳೆದುಬಿಡೋಣವೆಂದು ನಲ್ಲಿ ತಿರುಗಿಸಿದ! ಪೂರ್ತಿ ತಿರುಗಿಸಿದ!

ಸ್ವಲ್ಪ ಹೊತ್ತು ನೀರು ಇಳಿಯಿತು. ಆಮೇಲೆ ಕೊಳವೆಯ ಆಳದಿಂದ 'ಗುಳುಂ' ಎಂಬ ಒಂದು ಶಬ್ದ ಬಂತು. ಹೊಟ್ಟೆ ತುಂಬಿದವರು ತೇಗುವ ಶಬ್ದ. ಅಲ್ಲಿಗೆ ನೀರು ನಿಂತಿತು.

ಅರ್ಧ ಗಂಟೆ ನಾನು ಬಚ್ಚಲಲ್ಲೇ ಕುಕ್ಕರಗಾಲಲ್ಲಿ ಕೂತು ಆ ತೂತನ್ನು ದಿಟ್ಟಿಸಿದೆ. ಏನೂ ಆಗಲಿಲ್ಲ. ಸದ್ಯ, ಎಂದು ನಿಟ್ಟುಸಿರು ಬಿಡುವಷ್ಟರಲ್ಲಿ ಫೋನು ಬಡಿದುಕೊಂಡಿತು. ಹೆಸರು ನೋಡಿ ಎದ್ದು ನಿಂತೆ. ನಮ್ಮ ಸಂಸ್ಥೆಯ ನಿರ್ದೇಶಕರು! ನಾವೆಲ್ಲ ಅವರನ್ನು 'ದೊಡ್ಡವರು' ಎನ್ನುತ್ತೇವೆ. ಸಂಸ್ಥೆಯ ವಸತಿಗೃಹದಲ್ಲಿ ನಮ್ಮದು ಮಹಡಿಯ ಮನೆ. ನಮ್ಮ ಅಡಿಯಲ್ಲೇ, ನೆಲದ ಮನೆಯಲ್ಲಿ ಅವರ ವಾಸ. ನಮ್ಮ ಬಚ್ಚಲಿನ ಕೊಳವೆ ಅವರ ಬಚ್ಚಲಿನ ಕೊಳವೆಯನ್ನು ಎಲ್ಲಿ ಸೇರುತ್ತದೆ ಎಂದು ಅಲ್ಲಿಯವರೆಗೆ ನಾನು ಯೋಚಿಸಿಯೇ ಇರಲಿಲ್ಲ.

"ಏನ್ರೀ, ಮನೇಲಿದ್ದೀರಾ?"

"ಇದ್ದೀನಿ ಸಾರ್."

"ಸ್ವಲ್ಪ ಕೆಳಗೆ ಬನ್ನಿ. ನಮ್ಮ ಬಚ್ಚಲಲ್ಲಿ ಏನೋ ಹುಟ್ಟಿದೆ."

"ಹುಟ್ಟಿದೆಯಾ ಸಾರ್?"

"ಹುಟ್ಟಿ, ಬೆಳೀತಾನೂ ಇದೆ!"

ಹೆಂಡತಿ ನನ್ನ ಮುಖ ನೋಡಿಯೇ ಎಲ್ಲ ಅರ್ಥ ಮಾಡಿಕೊಂಡಳು.

"ಹೋದ ಕೂಡಲೇ ಒಪ್ಪಿಕೊಂಡುಬಿಡಿ. ತಾನಾಗಿ ಒಪ್ಪಿಕೊಂಡವರಿಗೆ ಶಿಕ್ಷೆ ಕಮ್ಮಿ. ನಾನು ದಿನಾ ನೋಡ್ತೀನಿ."

ಒಪ್ಪಿಕೊಳ್ಳಲೆಂದೇ ಮೆಟ್ಟಿಲಿಳಿದೆ. ನನ್ನ ಆಣೆಗೂ ನಿಜ! "ಸಾರ್, ಅದು ನನ್ನ ಪುಡಿ" ಎಂಬ ವಾಕ್ಯವನ್ನು ಹದಿನೆಂಟು ಮೆಟ್ಟಿಲಲ್ಲಿ ಹದಿನೆಂಟು ಸಲ ಅಭ್ಯಾಸ ಮಾಡಿದೆ. ಬಾಗಿಲು ತೆರೆಯಿತು. ಊಟದ ಮೇಜಿನ ಮುಂದೆ, ಕೈಯಲ್ಲಿ ಚಮಚ ಹಿಡಿದು, ಪ್ರಶ್ನಮ್ಮ ಕೂತಿದ್ದರು!

"ಇವರು ಒಂದು ದಿನ ಮುಂಚೆಯೇ ಬಂದ್ರು. ಊಟಕ್ಕೆ ಕರೆದಿದ್ದೆ" ಎಂದರು ದೊಡ್ಡವರು. "ಮೇಡಂ, ನಾಳೆ ನೀವು ನೋಡೋ ಯೋಜನೆ ಇವರದ್ದೇ."

"ಹೌದಾ? ಇವರು ಯಾಕೆ ಒದ್ದೆಯಾಗಿದ್ದಾರೆ?" ಎಂದು ಪ್ರಶ್ನಮ್ಮ ಶುರುಮಾಡಿಯೇಬಿಟ್ಟರು.

ಹದಿನೆಂಟು ಸಲ ಅಭ್ಯಾಸ ಮಾಡಿದ ವಾಕ್ಯ ಗಂಟಲಲ್ಲೇ ಉಬ್ಬಿ, ಅಲ್ಲೇ ಸಿಕ್ಕಿಕೊಂಡಿತು. ದೊಡ್ಡವರು ನನ್ನನ್ನು ಬಚ್ಚಲಿಗೆ ಕರೆದೊಯ್ದರು.

ಅಯ್ಯೋ, ಆ ದೃಶ್ಯ! ನೆಲದ ತೂತಿನಿಂದ ಉಕ್ಕಿ ಬಂದ ನನ್ನ ಜೆಲ್ ಗೋಡೆಯಿಂದ ಗೋಡೆಗೆ ಹಾಸಿಕೊಂಡಿತ್ತು. ದೊಡ್ಡವರ ಹವಾಯಿ ಚಪ್ಪಲಿ ಎರಡೂ ಅದರ ಮೇಲೆ ದೋಣಿಯಂತೆ ಕೂತಿದ್ದವು. ಅವರ ಸ್ನಾನದ ಸ್ಟೂಲು ಒಂದು ಕಾಲು ಎತ್ತಿ ವಾಲಿತ್ತು. ಕಿಟಕಿಯ ಬಿಸಿಲು ಬಿದ್ದು ಇಡೀ ರಾಶಿ ಝಗಝಗ ಹೊಳೆಯುತ್ತಿತ್ತು. ಹನ್ನೊಂದು ವರ್ಷದಲ್ಲಿ ಅದನ್ನು ಅಷ್ಟು ಆರೋಗ್ಯವಾಗಿ ನಾನು ನೋಡಿಯೇ ಇರಲಿಲ್ಲ!

"ಇದೇನು ಅಂತ ನಿಮಗೇನಾದ್ರೂ ಗೊತ್ತಾಗುತ್ತಾ?"

"ಇ... ಇಲ್ಲ ಸಾರ್. ಸೋಪಿನ ನೊರೆ ಇರಬಹುದು."

ದೊಡ್ಡವರು ಉದ್ದನೆಯ ಬ್ರಷ್ಷಿನ ಹಿಡಿಯಿಂದ ಚುಚ್ಚಿದರು. ರಾಶಿ ಗಡಗಡ ನಡುಗಿತು.

"ಸೋಪಿನ ನೊರೆ ಹೀಗೆ ನಡುಗುತ್ತೇನ್ರೀ?"

ನಡುಗುತ್ತಿದ್ದದ್ದು ಅದೊಂದೇ ಅಲ್ಲ.

"ಒಂದು ಕೆಲಸ ಮಾಡೋಣ" ಎಂದರು ಅವರು. "ಇದನ್ನ ಒಂದು ಬಾಟಲಿಗೆ ತುಂಬಿ ನಾಳೆ ನಿಮ್ಮ ಲ್ಯಾಬಿಗೇ ಕಳಿಸ್ತೀನಿ. ಇದೇನು, ಎಲ್ಲಿಂದ ಬಂತು, ಯಾರು ಬಿಟ್ಟಿದ್ದು ಅಂತ ಮೂರು ದಿನದಲ್ಲಿ ವರದಿ ಕೊಡಿ. ಬಿಟ್ಟವರ ಮೇಲೆ ಏನು ಕ್ರಮ ತಗೋಬೇಕು ಅಂತಾನೂ ಬರೀರಿ."

"ಕಠಿಣ ಕ್ರಮವೇ ಆಗಬೇಕು ಸಾರ್!" ಎಂದಿತು ನನ್ನ ಬಾಯಿ. ನಾನಲ್ಲ, ಬಾಯಿ!

"ಅಲ್ಲಿಯವರೆಗೆ ಇದನ್ನ ತೊಳೆದು ಒಳಗೆ ಕಳಿಸೋಣ. ಪ್ಲಂಬರ್‌ಗೂ ಹೇಳಿ ಕಳಿಸಿದ್ದೀನಿ. ಎರಡು ಬಕೆಟ್ ನೀರು ಹೊಯ್ಯಿರಿ."

ಈಗ ನೋಡಿ ನನ್ನ ಗತಿ! ನೀರು ಹೊಯ್ದರೆ ಅದು ಇನ್ನೂ ಉಬ್ಬುತ್ತದೆ; ಜಗತ್ತಿನಲ್ಲಿ ಇದನ್ನು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. "ಬೇಡ ಸಾರ್" ಎಂದರೆ "ಹೇಗೆ ಗೊತ್ತು?" ಎನ್ನುತ್ತಾರೆ. ನಾನು ತುಟಿ ಕಚ್ಚಿಕೊಂಡು ಮೊದಲ ಬಕೆಟ್ ಹೊಯ್ದೆ. ಕೊಳವೆಯಲ್ಲಿ ಸಿಕ್ಕಿಕೊಂಡಿದ್ದ ಒಣ ಪುಡಿಗೆ ಹೊಸ ಜೀವ ಬಂತು. ಎರಡನೆಯ ಬಕೆಟ್ ಹೊಯ್ದೆ. ರಾಶಿ ಒಂದು ಗೇಣು ಎದ್ದಿತು, ಹೊಸ್ತಿಲು ದಾಟಿತು, ನಡುಮನೆಯ ನೆಲಹಾಸಿನ ಕಡೆಗೆ ನಿಧಾನವಾಗಿ ಹೊರಟಿತು.

"ಇನ್ನೆರಡು ಬಕೆಟ್!" ಎಂದು ಕೂಗಿದರು ದೊಡ್ಡವರು.

"ಇನ್ನೊಂದು ಹನಿ ಹೊಯ್ದರೆ ನಾನು ಹೊರಟೆ!"

ಇಬ್ಬರೂ ತಿರುಗಿದೆವು. ಬಾಗಿಲಲ್ಲಿ ಪ್ಲಂಬರ್ ನಿಂತಿದ್ದಳು. ಐವತ್ತು ದಾಟಿದ ಗಟ್ಟಿ ಹೆಂಗಸು, ಹೆಗಲಲ್ಲಿ ಸಾಮಾನಿನ ಚೀಲ, ಕೈಯಲ್ಲಿ ಸುತ್ತಿದ ಉದ್ದ ತಂತಿ. ಅವಳು ಕೆಳಗೆ ಕೂತು, ಒಂದು ಚೂರು ಜೆಲ್ ತೆಗೆದು ಬೆರಳಲ್ಲಿ ಹಿಸುಕಿದಳು.

"ಮನೇಲಿ ಚಿಕ್ಕ ಮಗು ಇದೆಯಾ ಸಾರ್?"

"ಇಲ್ಲ" ಎಂದರು ದೊಡ್ಡವರು.

"ಮೊಮ್ಮಗು?"

"ಇಲ್ಲಮ್ಮ."

"ಮೇಲಿನ ಮನೇಲಿ?"

"ನ... ನಮಗೂ ಇಲ್ಲ" ಎಂದೆ.

"ಮತ್ತೆ ಇಷ್ಟೊಂದು ಡೈಪರ್ ಎಲ್ಲಿಂದ ಬಂತು? ಇದು ಡೈಪರ್ ಒಳಗಿನ ಪುಡಿ ಸಾರ್. ಮಗು ಉಚ್ಚೆ ಹೊಯ್ದರೆ ಹೀರಿಕೊಳ್ಳೋದು ಇದೇ. ಜನ ಡೈಪರ್ ತಂದು ಕೊಳವೆಗೆ ತುರುಕ್ತಾರೆ, ಅದು ಒಡೆದು ಹೀಗೆ ಉಬ್ಬುತ್ತೆ. ವಾರಕ್ಕೆ ಎರಡು ಮನೇಲಿ ನೋಡ್ತೀನಿ. ಆದ್ರೆ ಇಷ್ಟು? ಇದು ನೂರು ಮಕ್ಕಳ ಕೆಲಸ!"

ಮೂವತ್ತೆಂಟು ಪುಟದ ಯೋಜನಾ ವರದಿಯಲ್ಲಿ 'ಬರಡು ನೆಲದ ಸಂಜೀವಿನಿ' ಎಂದು ನಾನು ಬಣ್ಣಿಸಿದ್ದ ವಸ್ತುವಿಗೆ ಸಿಕ್ಕ ಮೊದಲ ವಿಮರ್ಶೆ ಇದು!

"ಈಗೇನು ಮಾಡೋದು?" ಎಂದರು ದೊಡ್ಡವರು.

"ಉಪ್ಪು ತನ್ನಿ ಸಾರ್. ಇರೋ ಬರೋ ಉಪ್ಪೆಲ್ಲ ತನ್ನಿ. ಮೇಲಿನ ಮನೆಯದ್ದೂ."

ಉಪ್ಪು! ನನ್ನ ತಲೆಯಲ್ಲಿ ಯಾರೋ ಘಂಟೆ ಬಾರಿಸಿದಂತಾಯಿತು. ಹೆಂಡತಿಗೆ ಫೋನ್ ಮಾಡಿ ಉಪ್ಪು ತರಲು ಹೇಳಿದೆ. ಅಷ್ಟರಲ್ಲಿ ಪ್ರಶ್ನಮ್ಮ ಊಟ ಬಿಟ್ಟು ಎದ್ದು ಬಂದಿದ್ದರು. ಸೊಂಟ ಹಿಡಿದುಕೊಂಡು ಬಗ್ಗಿ, ಬರಿಗೈಯಲ್ಲಿ ಒಂದು ಮುದ್ದೆ ಎತ್ತಿದರು. ಒತ್ತಿದರು. ಬಿಟ್ಟರು. ಬೆಳಕಿಗೆ ಹಿಡಿದರು. ಅವರ ಹುಬ್ಬು ಮೇಲೇರಿತು.

"ಇಲ್ಲಮ್ಮ, ಇದು ಡೈಪರ್‌ದಲ್ಲ" ಎಂದರು. "ಅದು ಇಷ್ಟು ನೀರು ಕುಡಿದ ಮೇಲೆ ಒತ್ತಿದ್ರೆ ಒಡೆದು ಲೋಳೆ ಆಗುತ್ತೆ. ಇದು ನೋಡಿ, ಒತ್ತಿದ್ರೆ ಪುಟೀತಾ ಇದೆ! ಎಷ್ಟು ನಾಜೂಕಾಗಿ ಕೊಂಡಿ ಹಾಕಿದ್ದಾರೆ! ಪಿಷ್ಟದ ಮೇಲೆ ಕಟ್ಟಿರೋ ಹಾಗಿದೆ. ನಲವತ್ತು ವರ್ಷದಲ್ಲಿ ನಾನು ಇಂಥದ್ದು ನೋಡಿಲ್ಲ. ಇದು ಕಸ ಅಲ್ಲರೀ, ಕಲೆ! ಯಾರು ಮಾಡಿದ್ದು ಇದನ್ನ?"

ನೀರಿಗೆ ಮಾತ್ರ ನನ್ನ ಪುಡಿ ಉಬ್ಬುತ್ತದೆ. ನಾನು ಹೊಗಳಿಕೆಗೆ ಉಬ್ಬುತ್ತೇನೆ. ಹನ್ನೊಂದು ವರ್ಷದಲ್ಲಿ ಯಾರೂ ಒಂದು ಹನಿ ಹೊಯ್ದಿರಲಿಲ್ಲ. ಈ ಮಹಾತಾಯಿ ಒಂದೇ ಸಲಕ್ಕೆ ಕೊಡ ಬಗ್ಗಿಸಿದ್ದರು. ಭಯ, ಕೆಲಸ, ಸೋಮವಾರ, ಎಲ್ಲ ಮರೆತುಹೋಯಿತು. ಎದೆ ಮುಂದೆ ಬಂತು, ಕುತ್ತಿಗೆ ನೆಟ್ಟಗಾಯಿತು.

"ನಾನೇ ಮೇಡಂ!" ಎಂದೆ. "ಸಂಪೂರ್ಣ ನಾನೇ! ಆ ಕೊಂಡಿಗಳಿಗೇ ನಾಲ್ಕು ವರ್ಷ ತಗೊಂಡಿದ್ದೀನಿ!"

ಮಾತು ಮುಗಿಯಿತು. ದೊಡ್ಡವರ ಬ್ರಷ್ ಕೈಯಿಂದ ಜಾರಿ ಜೆಲ್ಲಿನಲ್ಲಿ ನೆಟ್ಟಗೆ ನಿಂತಿತು.

"ನೀವಾ?" ಎಂದರು ಅವರು. "ಸೋಪಿನ ನೊರೆ ಅಂದ್ರಿ?"

"ಸಾರ್, ಅದು..."

"ಕಠಿಣ ಕ್ರಮ ಅಂದ್ರಿ?"

"ಸಾರ್..."

"ಎರಡು ಬಕೆಟ್ ನೀರೂ ಹೊಯ್ದ್ರಿ!"

"ನೀವೇ ಹೇಳಿದ್ರಿ ಅಂತ..."

"ಅಷ್ಟು ಸಾಕು ಬಿಡಿ, ದಾಖಲಾಯಿತು" ಎಂಬ ಧ್ವನಿ ಹಿಂದಿನಿಂದ ಬಂತು. ಹೆಂಡತಿ! ಎರಡೂ ಕೈಯಲ್ಲಿ ಉಪ್ಪಿನ ಪೊಟ್ಟಣ ಹಿಡಿದು, ಬಾಗಿಲಿಗೆ ಒರಗಿ, ಎಷ್ಟು ಹೊತ್ತಿನಿಂದ ನಿಂತಿದ್ದಳೋ! "ಸಾರ್, ಇವರು ಒಪ್ಪಿಕೊಳ್ಳೋಕೆ ಅಂತಲೇ ಕೆಳಗೆ ಬಂದಿದ್ದು. ದಾರಿಯಲ್ಲಿ ಧೈರ್ಯ ಕೈಕೊಟ್ಟಿರಬೇಕು. ಗಿಡಕ್ಕೆ ಒಳ್ಳೇದಾಗಲಿ ಅಂತಲೇ ಹಾಕಿದ್ರು. ಅಷ್ಟು ಮಟ್ಟಿಗೆ ನಾನು ಸಾಕ್ಷಿ."

ಇಪ್ಪತ್ತಮೂರು ಗಿಡಗಳ ಗತಿ ನೋಡಿ ಬಂದ ಹೆಂಗಸು ಹಾಗೆ ಹೇಳಿದಳು. ನನಗೆ ನೆಲ ನೋಡುವುದು ಬಿಟ್ಟು ಬೇರೆ ದಾರಿ ಇರಲಿಲ್ಲ. ನೆಲದಲ್ಲೂ ಅದೇ ಇತ್ತು.

ಪ್ಲಂಬರಮ್ಮನಿಗೆ ಈ ವಿಚಾರಣೆಯಲ್ಲಿ ಆಸಕ್ತಿಯಿರಲಿಲ್ಲ. ಪೊಟ್ಟಣ ಹರಿದು ರಾಶಿಯ ಮೇಲೆಲ್ಲ ಉಪ್ಪು ಎರಚಿದಳು. ತೂತಿನೊಳಗೂ ಸುರಿದು ತಂತಿಯಿಂದ ಕಲಸಿದಳು. ಐದು ನಿಮಿಷ. ಅಷ್ಟೆ! ಬೀಗುತ್ತಿದ್ದ ರಾಶಿ ಸೊರಗಿತು. ಹೊಳಪು ಹೋಯಿತು. ಕುಡಿದ ನೀರನ್ನೆಲ್ಲ ಬಿಟ್ಟುಕೊಟ್ಟು, ಕುಗ್ಗಿ ಕುಗ್ಗಿ, ಕೊನೆಗೆ ಒಂದು ತೆಳ್ಳನೆಯ ಲೋಳೆಯಾಗಿ ನೆಲಕ್ಕೆ ಅಂಟಿತು. ಕೊಳವೆಯಲ್ಲಿ ನೀರು ಸೊರ್ರೆಂದು ಇಳಿಯಿತು.

ಪ್ರಶ್ನಮ್ಮ ನನ್ನ ಕಡೆ ತಿರುಗಿದರು.

"ಉಪ್ಪು ಹಾಕಿದರೆ ಜೆಲ್ ನೀರು ಬಿಡುತ್ತೆ ಅಂತ ನಿಮಗೆ ಗೊತ್ತಿರಲಿಲ್ವಾ?"

"ಗೊತ್ತಿತ್ತು ಮೇಡಂ."

"ಹೇಗೆ ಗೊತ್ತು?"

"ನನ್ನ ಪಿಎಚ್.ಡಿ. ಪ್ರಬಂಧದ ನಾಲ್ಕನೇ ಅಧ್ಯಾಯ ಅದೇ ಮೇಡಂ. ಜೆಲ್ ಮೇಲೆ ಉಪ್ಪಿನ ಪರಿಣಾಮ."

"ಎಷ್ಟು ಪುಟ?"

"ಅರವತ್ತೆರಡು."

"ಮತ್ತೆ ಬೆಳಗ್ಗಿಂದ ಯಾಕೆ ಹಾಕಲಿಲ್ಲ?"

ನಾನು ಖಾಲಿ ಬಕೆಟ್ಟನ್ನು ಬೆನ್ನ ಹಿಂದೆ ಸರಿಸಿದೆ. ಪ್ಲಂಬರಮ್ಮ ತಂತಿ ಸುತ್ತುತ್ತಾ ನನ್ನ ಮೇಲೆ ಕನಿಕರಪಟ್ಟಳು. "ಬಿಡಿ ಸಾರ್, ಅಷ್ಟು ಪುಟ ಓದಿದ್ರೆ ಯಾರಿಗೂ ಮರೆತುಹೋಗುತ್ತೆ. ನಾನು ಒಂದೂ ಓದಿಲ್ಲ, ಅದಕ್ಕೆ ನೆನಪಿದೆ."

ಆ ಮಧ್ಯಾಹ್ನ ದೊಡ್ಡವರ ಬಚ್ಚಲನ್ನು ನಾನೇ ತಿಕ್ಕಿದೆ. ಅವರ ಚಪ್ಪಲಿಯನ್ನೂ ತೊಳೆದೆ. ಅವರು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು ನೋಡುತ್ತಿದ್ದರು. ಆಮೇಲೆ ಮೇಲೆ ಬಂದು ಹೆಂಡತಿಯ ಪಕ್ಕ ಕೂತು ಸಂಜೆಯವರೆಗೆ ಬೇರುಗಳನ್ನು ತೊಳೆದೆ. ಅಡುಗೆಮನೆಯ ಪಾತ್ರೆ, ಡಬ್ಬ, ಕೊನೆಗೆ ನನ್ನ ಹಳೆಯ ಹೆಲ್ಮೆಟ್ಟಿಗೂ ಹೊಸ ಮಣ್ಣು ತುಂಬಿ ಗಿಡ ನೆಟ್ಟೆವು. ಹತ್ತೊಂಬತ್ತು ಉಳಿದವು, ಗುಲಾಬಿಯೂ ಉಳಿಯಿತು. ನಾಲ್ಕು ಉಳಿಯಲಿಲ್ಲ. ಆ ನಾಲ್ಕರ ವಿಷಯದಲ್ಲಿ ಮಾತ್ರ ನನಗೆ ಇವತ್ತಿಗೂ ನಗು ಬರುವುದಿಲ್ಲ. ಹೆಂಡತಿ ಒಂದೊಂದನ್ನೇ ಎತ್ತಿ ನೋಡಿ, ಪತ್ರಿಕೆಯಲ್ಲಿ ಸುತ್ತಿ ಇಟ್ಟಾಗ "ಚಮಚ ಎದ್ದು ತರಬೇಕಿತ್ತು ಕಣೇ" ಎಂದೆ. "ಹೌದು" ಎಂದಳು, ಅಷ್ಟೆ.

ಸೋಮವಾರ ಯೋಜನೆ ಮುಚ್ಚಿತು ಎಂದುಕೊಂಡೇ ಸಭೆಗೆ ಹೋದೆ. ಬರಡು ನೆಲದ ಭಾಷಣ ಕೇಳುವ ಮನಸ್ಸು ಯಾರಿಗೂ ಇರಲಿಲ್ಲ. ಪ್ರಶ್ನಮ್ಮ ಕಾಗದದ ಮೇಲೆ ನಾಲ್ಕು ಸಾಲು ಬರೆದು ದೊಡ್ಡವರ ಕಡೆ ಸರಿಸಿದರು. ದೊಡ್ಡವರು ಓದಿದರು. ನನ್ನ ಮುಖ ನೋಡಿದರು. ಮತ್ತೆ ಓದಿದರು.

"ಪುಡಿ ಪಾಸು. ಯೋಜನೆ ಇನ್ನೂ ಮೂರು ವರ್ಷ ಮುಂದುವರಿಯುತ್ತೆ."

ನಾನು ಕುರ್ಚಿಯಿಂದ ಅರ್ಧ ಎದ್ದೆ.

"ಕೂತ್ಕೊಳ್ಳಿ, ಇನ್ನೂ ಇದೆ. 'ವಸ್ತುವನ್ನು ಸೃಷ್ಟಿಸುವ ವಿದ್ಯೆ ಈ ಪ್ರಯೋಗಾಲಯದಲ್ಲಿದೆ. ಅದು ತಪ್ಪು ಜಾಗಕ್ಕೆ ಹೋದಾಗ ಏನು ಮಾಡಬೇಕೆಂಬ ವಿದ್ಯೆ ಇಲ್ಲಿಲ್ಲ. ಆ ವಿದ್ಯೆ ಬಲ್ಲ ಒಬ್ಬರನ್ನು ನಾನು ನಿನ್ನೆ ಭೇಟಿಯಾದೆ. ಸಂಸ್ಥೆಯ ಎಲ್ಲರಿಗೂ ಅವರಿಂದ ಒಂದು ಉಪನ್ಯಾಸ ಕೊಡಿಸತಕ್ಕದ್ದು.'"

ಹೀಗಾಗಿ ಎರಡು ತಿಂಗಳ ನಂತರ, ನಮ್ಮ ಸಂಸ್ಥೆಯ ದೊಡ್ಡ ಸಭಾಂಗಣದ ವೇದಿಕೆಯ ಮೇಲೆ ಪ್ಲಂಬರಮ್ಮ ನಿಂತಳು. ಮೇಜಿನ ಮೇಲೆ ಕೊಳವೆಯ ತುಂಡುಗಳನ್ನು ಸಾಲಾಗಿ ಜೋಡಿಸಿಕೊಂಡು, ಮೈಕನ್ನು ಪಕ್ಕಕ್ಕೆ ಸರಿಸಿ, ಒಂದು ಗಂಟೆ ಮಾತಾಡಿದಳು. ಯಾವ ಜೆಲ್ ಎಲ್ಲಿ ಸಿಕ್ಕಿಕೊಳ್ಳುತ್ತದೆ, ಎಷ್ಟು ಉಪ್ಪಿಗೆ ಎಷ್ಟು ಹೊತ್ತಿಗೆ ಇಳಿಯುತ್ತದೆ, ಎಲ್ಲಾ ಬೆರಳ ತುದಿಯಲ್ಲಿ! ಸಭಾಂಗಣ ಕಿಕ್ಕಿರಿದಿತ್ತು. ನನ್ನ ಉಪನ್ಯಾಸಗಳಲ್ಲಿ ಹಿಂದಿನ ಸಾಲಿನಲ್ಲಿ ಆಕಳಿಸುವ ವಿದ್ಯಾರ್ಥಿಗಳು ಮುಂದಿನ ಸಾಲಿಗೆ ನುಗ್ಗಿ ಟಿಪ್ಪಣಿ ಬರೆದುಕೊಳ್ಳುತ್ತಿದ್ದರು. ನಾನು ಯಾರ ಕಣ್ಣಿಗೂ ಬೀಳದಂತೆ ಎಲ್ಲರಿಗಿಂತ ಹಿಂದೆ, ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದೆ.

ಕೊನೆಗೆ ಒಬ್ಬ ವಿದ್ಯಾರ್ಥಿನಿ ಎದ್ದು ಕೇಳಿದಳು: "ಅಮ್ಮಾ, ನಿಮ್ಮ ಅನುಭವದಲ್ಲಿ ನೀವು ಕಂಡ ಅತಿ ದೊಡ್ಡ ತಪ್ಪು ಯಾವುದು?"

ಪ್ಲಂಬರಮ್ಮ ಕೈಯಲ್ಲಿದ್ದ ಕೊಳವೆಯ ತುಂಡನ್ನು ಮೇಜಿನ ಮೇಲಿಟ್ಟಳು.

"ಗೊತ್ತಿಲ್ಲದೋರು ಏನೇನೋ ತುರುಕ್ತಾರೆ ತಾಯಿ. ಅವರನ್ನ ಬೈಯೋ ಹಾಗಿಲ್ಲ, ಗೊತ್ತಿಲ್ಲ ಪಾಪ. ಆದ್ರೆ ಪುಡೀನ ತಾವೇ ಮಾಡಿ, ನೀರು ಬಿದ್ರೆ ಉಬ್ಬುತ್ತೆ ಅಂತ ತಾವೇ ಪುಸ್ತಕ ಬರೆದು, ಉಬ್ಬಿದ ಮೇಲೆ ಅದರ ತಲೆ ಮೇಲೆ ಬಕೆಟ್ ಬಕೆಟ್ ನೀರು ಹೊಯ್ದೋರು... ಇಪ್ಪತ್ತೆಂಟು ವರ್ಷದಲ್ಲಿ ನನಗೆ ಒಬ್ಬರೇ ಸಿಕ್ಕಿದ್ದು."

ಹೆಸರು ಹೇಳಲಿಲ್ಲ, ದೊಡ್ಡ ಮನಸ್ಸು. ಆದರೆ ಅವಳ ಕಣ್ಣು ಸಭಾಂಗಣದ ಕೊನೆಗೆ ಹೋಯಿತು. ಮುನ್ನೂರು ತಲೆಗಳು ಒಟ್ಟಿಗೆ ಹಿಂದಕ್ಕೆ ತಿರುಗಿದವು.

ಯಾರಪ್ಪಾ ಆ ಮಹಾನುಭಾವ ಎಂಬಂತೆ ನಾನೂ ಹಿಂದಕ್ಕೆ ತಿರುಗಿ ನೋಡಿದೆ.

ಗೋಡೆ ಇತ್ತು!